ರಾಜ್ಯಸಭೆಯನ್ನು ಓದುವ ಬಗೆ: ಒಂದು ಕಾಗದ, ಒಂದು ಪೆನ್ನು, ನಮ್ಮ 12 ಸ್ಥಾನಗಳು

ರಾಜ್ಯಸಭೆ ಚುನಾವಣೆ ಬಂತೆಂದರೆ ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಾರೆ: "ನಮ್ಮ ಬೂತ್ ಎಲ್ಲಿ?" ಸುತ್ತ ಇದ್ದವರು ನಗುತ್ತಾರೆ. ಆದರೆ ಅದೇ ಸಂಜೆ ಟೀವಿಯಲ್ಲಿ "ಗೆಲ್ಲಲು 45 ಮತ ಬೇಕು" ಎಂದಾಗ ಆ 45 ಎಲ್ಲಿಂದ ಬಂತು ಎಂದು ಕೇಳಿ ನೋಡಿ, ನಕ್ಕವರೂ ಚಾನೆಲ್ ಬದಲಿಸುತ್ತಾರೆ.

ನಮಗೆ ಬೂತ್ ಇಲ್ಲ, ನಿಜ. ಆದರೆ ವಿಧಾನಸಭೆ ಚುನಾವಣೆಯಲ್ಲಿ ನೀವು ಹಾಕಿದ ಓಟು ಅಲ್ಲಿಗೇ ಮುಗಿಯುವುದಿಲ್ಲ. ಐದು ವರ್ಷದಲ್ಲಿ ಎರಡು ಮೂರು ಸಲ ಅದು ನಿಮ್ಮ ಶಾಸಕರ ಕೈಯಲ್ಲಿ ನೇರಳೆ ಬಣ್ಣದ ಪೆನ್ನು ಹಿಡಿದು ದೆಹಲಿಗೆ ಆಳನ್ನು ಕಳಿಸುತ್ತದೆ. ಆ ಎರಡನೆಯ ಎಣಿಕೆಯನ್ನು ಗಮನಿಸುವುದು ಹೇಗೆ, ಹೋದವರು ಅಲ್ಲಿ ಏನು ಮಾಡುತ್ತಾರೆ ಎಂದು ತಿಳಿಯುವುದು ಹೇಗೆ, ನಮ್ಮ ಊರಿನ ಕೆಲಸಕ್ಕೆ ಅವರನ್ನು ಹಚ್ಚುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಕೂಡಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಹೆಜ್ಜೆ 1: ಎರಡು ಮೇಲ್ಮನೆಗಳನ್ನು ಬೇರ್ಪಡಿಸಿಕೊಳ್ಳಿ

ಕರ್ನಾಟಕದವರಿಗೆ ಗೊಂದಲ ಸಹಜ, ಏಕೆಂದರೆ ನಮ್ಮಲ್ಲೇ ಒಂದು ಮೇಲ್ಮನೆ ಇದೆ. ವಿಧಾನಸೌಧದಲ್ಲಿ ಕೂರುವ 75 ಮಂದಿಯ ವಿಧಾನ ಪರಿಷತ್ತು ರಾಜ್ಯದ್ದು. ಅದಕ್ಕೆ ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ ಹಾಕುತ್ತಾರೆ. ರಾಜ್ಯಸಭೆ ಸಂಸತ್ತಿನದು; ಅದಕ್ಕೆ ಮತ ಹಾಕುವವರು ವಿಧಾನಸಭೆಯ ಚುನಾಯಿತ ಶಾಸಕರು ಮಾತ್ರ. ಪರಿಷತ್ತಿನ ಸದಸ್ಯರಿಗೆ ರಾಜ್ಯಸಭೆ ಚುನಾವಣೆಯಲ್ಲಿ ಮತವಿಲ್ಲ. ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ನೀವು ನೇರವಾಗಿ ರಾಜ್ಯಸಭೆಯನ್ನು ಮುಟ್ಟಲಾರಿರಿ.

ರಾಜ್ಯಸಭೆಗೆ ಸಂವಿಧಾನ ಹಾಕಿರುವ ಮಿತಿ 250. ಈಗ ಇರುವುದು 245: ರಾಜ್ಯಗಳು ಮತ್ತು ಶಾಸನಸಭೆ ಇರುವ ಕೇಂದ್ರಾಡಳಿತ ಪ್ರದೇಶಗಳಿಂದ 233, ರಾಷ್ಟ್ರಪತಿ ನಾಮನಿರ್ದೇಶನ ಮಾಡುವವರು 12. ಅಮೆರಿಕದ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಎರಡು, ಚಿಕ್ಕದಕ್ಕೂ ಎರಡು. ನಮ್ಮಲ್ಲಿ ಹಾಗಿಲ್ಲ, ಜನಸಂಖ್ಯೆ ನೋಡಿ ಹಂಚಿದ್ದಾರೆ. ಉತ್ತರ ಪ್ರದೇಶಕ್ಕೆ 31, ತಮಿಳುನಾಡಿಗೆ 18, ಕೇರಳಕ್ಕೆ 9, ಗೋವಾಕ್ಕೆ 1, ನಮಗೆ 12. "ರಾಜ್ಯಗಳ ಸಭೆ" ಎಂಬ ಹೆಸರಿಗೆ ಇದು ಎಷ್ಟು ನ್ಯಾಯ ಎಂಬ ವಾದ 1950ರಷ್ಟೇ ಹಳೆಯದು, ಇಲ್ಲಿ ಬೇಡ.

ಹೆಜ್ಜೆ 2: ಕಾಗದದಲ್ಲಿ ಮೂರು ಕಂಬ ಎಳೆಯಿರಿ

ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ. 1952ರ ಮೇ 13ರಂದು ಮೊದಲ ಸಲ ಸೇರಿದ ಸದನವೇ ಇಂದಿಗೂ ನಡೆದು ಬಂದಿದೆ, ಒಳಗಿನವರು ಮಾತ್ರ ಬದಲಾಗುತ್ತಾರೆ. ಒಬ್ಬ ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹಾಗಾಗಿ ಕರ್ನಾಟಕದ 12ರಲ್ಲಿ ನಾಲ್ಕು ಸ್ಥಾನಗಳು ಎರಡು ವರ್ಷಕ್ಕೊಮ್ಮೆ ಖಾಲಿಯಾಗುತ್ತವೆ. ಎಲ್ಲರೂ ಒಟ್ಟಿಗೇ ಆಯ್ಕೆಯಾಗಿದ್ದ ಆರಂಭದಲ್ಲಿ ಯಾರು ಬೇಗ ಹೋಗಬೇಕು, ಯಾರು ಪೂರ್ತಿ ಆರು ವರ್ಷ ಇರಬೇಕು ಎಂದು ಚೀಟಿ ಎತ್ತಿ ತೀರ್ಮಾನಿಸಿದ್ದರು.

ಈಗ ಕಾಗದ ತೆಗೆದುಕೊಂಡು ಮೂರು ಕಂಬ (ಕಾಲಂ) ಎಳೆಯಿರಿ, ಒಂದೊಂದು ತಂಡಕ್ಕೆ ಒಂದು.

ಮೊದಲ ಕಂಬ, 2020ರ ಜೂನ್ ತಂಡ: ಮಲ್ಲಿಕಾರ್ಜುನ ಖರ್ಗೆ, ಎಚ್.ಡಿ. ದೇವೇಗೌಡ, ಈರಣ್ಣ ಕಡಾಡಿ, ಅಶೋಕ್ ಗಸ್ತಿ. ನಾಲ್ಕು ಸ್ಥಾನಕ್ಕೆ ನಾಲ್ವರೇ ಉಳಿದಿದ್ದರಿಂದ ಮತದಾನವೇ ನಡೆಯಲಿಲ್ಲ, ಅವಿರೋಧ. ಗಸ್ತಿ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಉಪಚುನಾವಣೆಯಲ್ಲಿ ಕೆ. ನಾರಾಯಣ ಬಂದರು. ಉಪಚುನಾವಣೆಯಲ್ಲಿ ಬಂದವರಿಗೆ ಹೊಸ ಆರು ವರ್ಷ ಸಿಗುವುದಿಲ್ಲ, ಹಿಂದಿನವರ ಉಳಿದ ಅವಧಿ ಮಾತ್ರ. ಹಾಗಾಗಿ ಈ ಕಂಬ ಪೂರ್ತಿಯಾಗಿ 2026ರ ಜೂನ್‌ಗೆ ಖಾಲಿ. ಎರಡನೆಯ ಕಂಬ, 2022ರ ಜೂನ್ ತಂಡ: ನಿರ್ಮಲಾ ಸೀತಾರಾಮನ್, ಜಗ್ಗೇಶ್, ಲೆಹರ್ ಸಿಂಗ್ ಸಿರೋಯಾ, ಜೈರಾಂ ರಮೇಶ್. ಇದು 2028ಕ್ಕೆ. ಮೂರನೆಯದು 2024ರ ಫೆಬ್ರುವರಿಯದು: ಅಜಯ್ ಮಾಕನ್, ಸೈಯದ್ ನಾಸಿರ್ ಹುಸೇನ್, ಜಿ.ಸಿ. ಚಂದ್ರಶೇಖರ್, ನಾರಾಯಣಸಾ ಭಾಂಡಗೆ. ಇದು 2030ಕ್ಕೆ. ಪ್ರತಿ ಎರಡು ವರ್ಷಕ್ಕೊಮ್ಮೆ ಒಂದು ಕಂಬ ಒರೆಸಿ ಹೊಸದಾಗಿ ಬರೆಯಬೇಕು, ಅಷ್ಟೇ.

ಕಂಬಗಳನ್ನು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ: ಮಾಕನ್ ದೆಹಲಿಯವರಲ್ಲವೇ? ಹೌದು. 2003ರವರೆಗೆ ಅಭ್ಯರ್ಥಿ ತಾನು ನಿಲ್ಲುವ ರಾಜ್ಯದ ಮತದಾರನಾಗಿರಬೇಕಿತ್ತು. ಆಗಲೂ ಬಾಡಿಗೆ ಮನೆಯ ವಿಳಾಸ ಕೊಟ್ಟು ದಾಟಿಕೊಳ್ಳುವ ದಾರಿ ಇತ್ತು. ಆ ವರ್ಷ ಕಾಯ್ದೆ ತಿದ್ದಿ, ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರನಾದರೆ ಸಾಕು ಎಂದರು. ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನು ಪ್ರಶ್ನಿಸಿದರು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಆಂಧ್ರದ ಎಂ. ವೆಂಕಯ್ಯ ನಾಯ್ಡು ಮೂರು ಅವಧಿ ಕರ್ನಾಟಕದಿಂದಲೇ ಹೋಗಿದ್ದರು ಎಂಬುದು ಅನೇಕರಿಗೆ ಮರೆತೇ ಹೋಗಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೊರಗಿನವರು ಎಂಬ ಆಕ್ಷೇಪಕ್ಕಿಂತ ಅವರು ನಮ್ಮ ರಾಜ್ಯದ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು ಎಂಬ ಲೆಕ್ಕ ಮುಖ್ಯ. ಆ ಲೆಕ್ಕ ತೆಗೆಯುವ ದಾರಿ ಕೊನೆಯ ಹೆಜ್ಜೆಯಲ್ಲಿದೆ.

ನಾಮನಿರ್ದೇಶಿತರು ಕರ್ನಾಟಕದ ಈ 12ಕ್ಕೆ ಸೇರುವುದಿಲ್ಲ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಲ್ಲಿ ಹೆಸರಾದವರನ್ನು ರಾಷ್ಟ್ರಪತಿ ಆರಿಸುತ್ತಾರೆ. 2010ರಲ್ಲಿ ರಂಗಕರ್ಮಿ ಬಿ. ಜಯಶ್ರೀ, 2022ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ, 2024ರಲ್ಲಿ ಸುಧಾ ಮೂರ್ತಿ ಹೀಗೆ ಬಂದವರು. ಇವರು ಉಪರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕಬಹುದು, ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕುವಂತಿಲ್ಲ. ಬಹುಪಾಲು ನಾಮನಿರ್ದೇಶಿತರು ಅಲಂಕಾರಕ್ಕೆ ಎಂಬ ಮಾತಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಮೈಸೂರಿನ ಆರ್.ಕೆ. ನಾರಾಯಣ್ ಅಲ್ಲಿ ನಿಂತು ಮಾತಾಡಿದ್ದು ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಚೀಲದ ಭಾರದ ಬಗ್ಗೆ. ಮುಂದೆ ಯಶಪಾಲ್ ಸಮಿತಿ ಕೈಗೆತ್ತಿಕೊಂಡದ್ದೂ ಕಲಿಕೆಯ ಆ ಹೊರೆಯನ್ನೇ.

ಹೆಜ್ಜೆ 3: 45 ಬರುವ ಬಗೆ

ನಾಲ್ಕು ಸ್ಥಾನ, ಐವರು ಅಭ್ಯರ್ಥಿಗಳು. ಅತಿ ಹೆಚ್ಚು ಮತ ಪಡೆದ ನಾಲ್ವರು ಗೆದ್ದರು ಎಂದುಬಿಟ್ಟರೆ ಸುಲಭವಿತ್ತು. ರಾಜ್ಯಸಭೆಗೆ ಬೇರೆ ಪದ್ಧತಿ: ಶಾಸಕರು ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ, ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ.

ಲೆಕ್ಕ ಹೀಗೆ. ಒಂದಕ್ಕಿಂತ ಹೆಚ್ಚು ಸ್ಥಾನಕ್ಕೆ ಚುನಾವಣೆ ನಡೆದರೆ ಪ್ರತಿ ಮತಪತ್ರದ ಬೆಲೆ 100. ಕರ್ನಾಟಕದ 224 ಶಾಸಕರೂ ಸರಿಯಾಗಿ ಮತ ಹಾಕಿದರೆ ಒಟ್ಟು 22,400. ಇದನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಬೇಕು: ನಾಲ್ಕು ಸ್ಥಾನ, ಹಾಗಾಗಿ ಐದರಿಂದ. 4,480 ಬಂತು. ಅದಕ್ಕೆ ಇನ್ನೊಂದು ಸೇರಿಸಿ: 4,481. ಇದೇ ಕೋಟಾ. 44 ಮತಪತ್ರ ಬಿದ್ದರೆ 4,400, ಸಾಲದು. 45 ಬಿದ್ದರೆ 4,500, ಗೆದ್ದಂತೆ.

ಐದರಿಂದಲೇ ಏಕೆ ಭಾಗಿಸುವುದು? ಐವರು ತಲಾ 45 ಮತ ಪಡೆಯಬೇಕಾದರೆ 225 ಶಾಸಕರು ಬೇಕು. ಇರುವುದು 224. ಅಂದರೆ ನಾಲ್ವರಿಗಿಂತ ಹೆಚ್ಚು ಮಂದಿ ಕೋಟಾ ಮುಟ್ಟುವುದು ಸಾಧ್ಯವೇ ಇಲ್ಲ. ಲೆಕ್ಕದ ಜಾಣತನ ಇರುವುದೇ ಇಲ್ಲಿ.

ಈ ಲೆಕ್ಕ ಇಟ್ಟುಕೊಂಡು 2024ರ ಫೆಬ್ರುವರಿಯನ್ನು ಮತ್ತೆ ನೋಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಂದದ್ದು 135, ಬಿಜೆಪಿಗೆ 66, ಜೆಡಿಎಸ್‌ಗೆ 19, ಇತರರಿಗೆ 4. ಈಗ 135ನ್ನು 45ರಿಂದ ಭಾಗಿಸಿ. ಸರಿಯಾಗಿ ಮೂರು, ಒಂದು ಕಾಳೂ ಹೆಚ್ಚಿಲ್ಲ. ಬಿಜೆಪಿ 45ರಲ್ಲಿ ಒಬ್ಬರನ್ನು ಗೆಲ್ಲಿಸಿದರೆ ಕೈಯಲ್ಲಿ ಉಳಿಯುವುದು 21; ಜೆಡಿಎಸ್‌ನ 19 ಸೇರಿಸಿದರೆ 40. ಐದು ಕಡಿಮೆ. ಆ ಐದನ್ನು ಎಲ್ಲಿಂದಾದರೂ ತರಬಹುದು ಎಂಬ ಲೆಕ್ಕದಲ್ಲೇ ಜೆಡಿಎಸ್‌ನ ಡಿ. ಕುಪೇಂದ್ರ ರೆಡ್ಡಿ ಐದನೆಯವರಾಗಿ ಕಣಕ್ಕಿಳಿದದ್ದು. ಅಂಚಿನಲ್ಲಿ ಕೂತಿದ್ದ ಕಾಂಗ್ರೆಸ್ ತನ್ನ ಶಾಸಕರನ್ನು ಹೋಟೆಲಿಗೆ ಸಾಗಿಸಿದ್ದೂ ಅದೇ ಲೆಕ್ಕದ ಭಯಕ್ಕೆ. ಮತದಾನಕ್ಕೆ ಎರಡು ದಿನ ಮೊದಲು ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡು ಸದನ 223ಕ್ಕೆ ಇಳಿಯಿತು. ಆಗ ಕೋಟಾ 4,461, ಬೇಕಾದ ಮತ ಆಗಲೂ 45, ಕಾಂಗ್ರೆಸ್ ಕೈಯಲ್ಲಿ 134. ನಾಲ್ವರು ಇತರರೇ ಆ ದಿನ ಬೆಲೆಬಾಳುವವರಾದರು. ಅವರು ಕಾಂಗ್ರೆಸ್ ಕಡೆ ನಿಂತರು, ರೆಡ್ಡಿ ಸೋತರು.

ಇನ್ನು ಎರಡನೆಯ ಪ್ರಾಶಸ್ತ್ಯ. ಟೀವಿ ಚರ್ಚೆಗಳಲ್ಲಿ ಇದನ್ನು ಮಂತ್ರದಂತೆ ಹೇಳಿ ಹಾರಿಸಿಬಿಡುತ್ತಾರೆ, ನಿಧಾನವಾಗಿ ನೋಡಿದರೆ ಕಷ್ಟವೇನಿಲ್ಲ. 224 ಮತ ಚಲಾವಣೆಯಾಗಿ ಒಬ್ಬರಿಗೆ 48 ಮೊದಲ ಪ್ರಾಶಸ್ತ್ಯ ಬಿದ್ದವು ಎನ್ನಿ. ಅವರ ಬೆಲೆ 4,800, ಬೇಕಾದದ್ದು 4,481. ಹೆಚ್ಚುವರಿ 319. ಇದು ವ್ಯರ್ಥವಾಗಬಾರದು, ಆ ಮತಪತ್ರಗಳಲ್ಲಿ 2 ಎಂದು ಬರೆಸಿಕೊಂಡವರಿಗೆ ಹೋಗಬೇಕು. ಆದರೆ ಪೂರ್ತಿ ಬೆಲೆಗಲ್ಲ: 319ನ್ನು 48ರಿಂದ ಭಾಗಿಸಿ ಚಿಲ್ಲರೆ ಬಿಟ್ಟರೆ ಒಂದೊಂದು ಪತ್ರದ ಬೆಲೆ 6. ಎಲ್ಲ 48ರಲ್ಲೂ ಒಬ್ಬರಿಗೇ ಎರಡನೆಯ ಪ್ರಾಶಸ್ತ್ಯವಿದ್ದರೆ ಅವರಿಗೆ ಸೇರುವುದು 288, ಅಂದರೆ ಮೂರು ಮತಕ್ಕೂ ಕಡಿಮೆ. ಎರಡನೆಯ ಪ್ರಾಶಸ್ತ್ಯದಲ್ಲಿ ಪವಾಡ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಈ 6ನ್ನು ನೆನಪಿಸಿಕೊಳ್ಳಿ. ಅಂಚಿನಲ್ಲಿರುವವರನ್ನು ಅದು ದಡ ಮುಟ್ಟಿಸೀತು, ನಡುನೀರಿನಲ್ಲಿರುವವರನ್ನಲ್ಲ. ಯಾರಿಗೂ ಕೋಟಾ ಬಾರದೆ ಸ್ಥಾನ ಉಳಿದರೆ ಕೊನೆಯ ಸ್ಥಾನದವರನ್ನು ಕಣದಿಂದ ತೆಗೆದು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚುತ್ತಾರೆ.

ಒಂದೇ ಸ್ಥಾನದ ಉಪಚುನಾವಣೆಯಾದರೆ ಮತಪತ್ರದ ಬೆಲೆ 1, ಎರಡರಿಂದ ಭಾಗಿಸಿ ಒಂದು ಸೇರಿಸಬೇಕು: 113. ಅಲ್ಲಿ ಆಳುವ ಪಕ್ಷದ್ದೇ ಆಟ.

ಹೆಜ್ಜೆ 4: ಮತದಾನದ ದಿನ ಪೆನ್ನು ನೋಡಿ, ಪಕ್ಕದಲ್ಲಿ ಕೂತವರನ್ನು ನೋಡಿ

ಶಾಸಕರು ತಮ್ಮ ಜೇಬಿನ ಪೆನ್ನು ಬಳಸುವಂತಿಲ್ಲ. ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ತಮಾಷೆ ಎನಿಸಬಹುದು, ಆದರೆ 2016ರಲ್ಲಿ ಹರಿಯಾಣದಲ್ಲಿ ಬೇರೆ ಪೆನ್ನಿನಿಂದ ಬರೆದ ಮತಗಳು ತಿರಸ್ಕೃತವಾಗಿ ಫಲಿತಾಂಶವೇ ಮಗುಚಿತು.

ಇನ್ನೊಂದು ವಿಚಿತ್ರ: ಇದು ಗುಪ್ತ ಮತದಾನವಲ್ಲ. 2003ರ ಅದೇ ತಿದ್ದುಪಡಿಯಿಂದ, ಪಕ್ಷದ ಶಾಸಕರು ಬರೆದ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಬೇಕು. ತೋರಿಸದಿದ್ದರೆ ಮತ ರದ್ದು. ಬೇರೆಯವರಿಗೆ ತೋರಿಸಿದರೂ ರದ್ದು: 2017ರಲ್ಲಿ ಗುಜರಾತಿನಲ್ಲಿ ಇಬ್ಬರು ಶಾಸಕರ ಮತ ಹೀಗೆ ಹೋಗಿ ಕಾಂಗ್ರೆಸ್‌ನ ಅಹಮದ್ ಪಟೇಲ್ ಗೆದ್ದುಕೊಂಡರು. ಪಕ್ಷೇತರರು ಯಾರಿಗೂ ತೋರಿಸುವಂತಿಲ್ಲ. ನೋಟಾ ಈ ಚುನಾವಣೆಗೆ ಇಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆಸಿತು.

ಪಕ್ಷದ ಮಾತು ಮೀರಿ ಬೇರೆಯವರಿಗೆ ಹಾಕಿದರೆ, ಅಂದರೆ ಅಡ್ಡ ಮತದಾನ ಮಾಡಿದರೆ, ಶಾಸಕತ್ವ ಹೋಗುತ್ತದೆಯೇ? ಪ್ರತಿ ಸಲ ಕೇಳಿಬರುವ ಪ್ರಶ್ನೆ. ಹೋಗುವುದಿಲ್ಲ. ಪಕ್ಷಾಂತರ ನಿಷೇಧ ಕಾನೂನು ಸದನದೊಳಗೆ ಹಾಕುವ ಮತಕ್ಕೆ, ಈ ಚುನಾವಣೆಗಲ್ಲ. 2024ರಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡ ಮತ ಹಾಕಿದರು, ಶಿವರಾಮ ಹೆಬ್ಬಾರ್ ಮತಕ್ಕೇ ಬರಲಿಲ್ಲ. ಪಕ್ಷವಿರೋಧಿ ಚಟುವಟಿಕೆಯ ಕಾರಣ ಕೊಟ್ಟು ಪಕ್ಷ ಇಬ್ಬರನ್ನೂ 2025ರಲ್ಲಿ ಉಚ್ಚಾಟಿಸಿತು, ಶಾಸಕರಾಗಿ ಮಾತ್ರ ಮುಂದುವರಿದರು. ಶಾಸಕ ಯಾರಿಗೆ ಮತ ಹಾಕಿದ ಎಂಬುದು ಏಜೆಂಟರಿಗೆ ಕಾಣುತ್ತದೆ, ಅವನನ್ನು ಗೆಲ್ಲಿಸಿದ ಊರಿಗೆ ಕಾಣುವುದಿಲ್ಲ. ಈ ತೆರೆದ ಮತಪತ್ರದ ಬಗ್ಗೆ ನನಗಿರುವ ತಕರಾರು ಅದೊಂದೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಹೇಳಿ ಮುಂದೆ ಹೋಗುತ್ತೇನೆ. 2024ರ ಅದೇ ದಿನ ಹಿಮಾಚಲದಲ್ಲಿ ಕಾಂಗ್ರೆಸ್‌ನ ಅಭಿಷೇಕ್ ಸಿಂಘ್ವಿ ಮತ್ತು ಬಿಜೆಪಿಯ ಹರ್ಷ್ ಮಹಾಜನ್ 34–34 ಸಮವಾದರು. ಚೀಟಿ ಎತ್ತಿದರು, ಸಿಂಘ್ವಿ ಹೆಸರು ಬಂತು. ಸೋತದ್ದು ಅವರೇ! ಚೀಟಿಯಲ್ಲಿ ಬಂದ ಹೆಸರು ಕಣದಿಂದ ಹೊರಗೆ ಎಂಬ ಲೆಕ್ಕದಲ್ಲಿ ಅಂದು ತೀರ್ಮಾನವಾಯಿತು.

ಹೆಜ್ಜೆ 5: ಒಂದು ದಿನದ ಕಲಾಪ ನೋಡಿ, ಪೂರ್ತಿ ಬೇಡ

ಸಂಸದ್ ಟೀವಿ ಹಾಕಿ. ನೆಲಹಾಸು ಕೆಂಪಾದರೆ ರಾಜ್ಯಸಭೆ, ಹಸಿರಾದರೆ ಲೋಕಸಭೆ. ಎತ್ತರದ ಕುರ್ಚಿಯಲ್ಲಿ ಕೂತವರು ಸಭಾಪತಿ, ಅಂದರೆ ಉಪರಾಷ್ಟ್ರಪತಿ. ಅವರು ಸದನದ ಸದಸ್ಯರಲ್ಲ, ಮತ ಸಮವಾದಾಗ ಮಾತ್ರ ನಿರ್ಣಾಯಕ ಮತ ಹಾಕುತ್ತಾರೆ. ಜಮಖಂಡಿಯ ಬಿ.ಡಿ. ಜತ್ತಿ 1974ರಿಂದ 1979ರವರೆಗೆ ಆ ಕುರ್ಚಿಯಲ್ಲಿದ್ದರು. ಸದಸ್ಯರೇ ತಮ್ಮೊಳಗಿನಿಂದ ಆರಿಸುವ ಉಪಸಭಾಪತಿ ಸ್ಥಾನಕ್ಕೂ ನಮ್ಮ ನಂಟು ಹಳೆಯದು: ಮೊಟ್ಟಮೊದಲ ಉಪಸಭಾಪತಿ ಮೈಸೂರು ರಾಜ್ಯದ ಎಸ್.ವಿ. ಕೃಷ್ಣಮೂರ್ತಿ ರಾವ್, 2004ರಿಂದ 2012ರವರೆಗೆ ಕೆ. ರಹಮಾನ್ ಖಾನ್.

ಬೆಳಿಗ್ಗೆ 11ಕ್ಕೆ ಕಲಾಪ ಶುರು. ಕಾಗದಪತ್ರ ಮಂಡನೆ, ಆಮೇಲೆ ತುರ್ತು ಸಂಗತಿಗಳನ್ನು ಎತ್ತುವ ಶೂನ್ಯ ವೇಳೆ. ನಿಮ್ಮ ರಾಜ್ಯದ ಸಂಗತಿ ಕಿವಿಗೆ ಬೀಳಬೇಕೆಂದರೆ ಕಾದು ಕೂರಬೇಕಾದ ಹೊತ್ತು ಇದೇ. ಒಬ್ಬೊಬ್ಬರಿಗೆ ಮೂರೇ ನಿಮಿಷ, ಆಮೇಲೆ ಮೈಕ್ ಆಫ್. ಮಧ್ಯಾಹ್ನ 12ಕ್ಕೆ ಪ್ರಶ್ನೋತ್ತರ. ಮೊದಲು ಇದು 11ಕ್ಕೇ ಇತ್ತು. ಗದ್ದಲದಲ್ಲಿ ದಿನವೂ ಕೊಚ್ಚಿಹೋಗುತ್ತಿದ್ದುದರಿಂದ 2014ರಲ್ಲಿ ಹಮೀದ್ ಅನ್ಸಾರಿ ಸಭಾಪತಿಯಾಗಿದ್ದಾಗ 12ಕ್ಕೆ ದೂಡಿದರು. ಗದ್ದಲವೂ ಅದರ ಜೊತೆಗೇ ದೂಡಿಕೊಂಡು ಬಂದದ್ದುಂಟು. ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು, ಅವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ 160ಕ್ಕೆ ಲಿಖಿತ ಉತ್ತರ. ಊಟದ ನಂತರ ಮಸೂದೆಗಳು. ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರದ್ದು: 2015ರ ಏಪ್ರಿಲ್ 24ರಂದು ಡಿಎಂಕೆಯ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ಹೀಗೊಂದು ಶುಕ್ರವಾರ ಅಂಗೀಕಾರವಾಯಿತು, ಸರ್ಕಾರವೇ ಕಣ್ಣುಜ್ಜಿಕೊಳ್ಳುವ ಹಾಗೆ.

ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ, ಹತ್ತನೇ ಒಂದು ಭಾಗ, 25 ಮಂದಿ. ಭಾಷಣ ಕನ್ನಡದಲ್ಲೂ ಮಾಡಬಹುದು, ಮೊದಲೇ ತಿಳಿಸಿದರೆ ಭಾಷಾಂತರಕಾರರು ಸಿದ್ಧವಿರುತ್ತಾರೆ. 2018ರಿಂದ ಸಂವಿಧಾನದ 22 ಭಾಷೆಗಳಿಗೂ ಆ ವ್ಯವಸ್ಥೆ ಇದೆ. ಕೊಂಕಣಿ ಸೇರಿದ್ದು ಆಗಲೇ. ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಎದ್ದು ಮಾತಾಡಿದಾಗ ಈ ಸೌಕರ್ಯ ಯಾವುದೂ ಇರಲಿಲ್ಲ.

ಹೆಜ್ಜೆ 6: ಮಸೂದೆ ಬಂದಾಗ ಮೊದಲು ಅದರ ಬಗೆ ಕೇಳಿ

"ರಾಜ್ಯಸಭೆಯಲ್ಲಿ ಬಹುಮತವಿಲ್ಲ, ಮಸೂದೆ ಬಿದ್ದುಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: ಯಾವ ಬಗೆಯ ಮಸೂದೆ?

ಧನ ವಿಧೇಯಕವಾದರೆ ರಾಜ್ಯಸಭೆಯ ಕೈ ಕಟ್ಟಿದೆ. ತೆರಿಗೆ, ಸಾಲ, ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆಯಿಂದ) ಹಣ ತೆಗೆಯುವಂಥ ವಿಷಯ ಮಾತ್ರ ಇರುವ ಮಸೂದೆ ಇದು. ರಾಜ್ಯಸಭೆ 14 ದಿನದೊಳಗೆ ಸಲಹೆ ಕೊಡಬಹುದು. ಲೋಕಸಭೆ ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. 14 ದಿನ ಸುಮ್ಮನೆ ಕೂತರೂ ಪಾಸಾದಂತೆಯೇ. ಯಾವುದು ಧನ ವಿಧೇಯಕ ಎಂದು ಪ್ರಮಾಣಪತ್ರ ಕೊಡುವವರು ಲೋಕಸಭೆಯ ಸ್ಪೀಕರ್. ಜಗಳ ಹುಟ್ಟುವುದು ಇಲ್ಲೇ. 2016ರಲ್ಲಿ ಆಧಾರ್ ಮಸೂದೆಯನ್ನು ಈ ಬಾಗಿಲಿನಿಂದ ತಂದರು. ಮಾರ್ಚ್ 16ರಂದು ರಾಜ್ಯಸಭೆ ತಿದ್ದುಪಡಿಗಳನ್ನು ಸೂಚಿಸಿತು, ಅದೇ ದಿನ ಲೋಕಸಭೆ ಎಲ್ಲವನ್ನೂ ತಳ್ಳಿಹಾಕಿತು. ಜೈರಾಂ ರಮೇಶ್ ಕೋರ್ಟಿಗೆ ಹೋದರು. 2018ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಅದನ್ನು ಧನ ವಿಧೇಯಕ ಎಂದೇ ಒಪ್ಪಿತು, ನ್ಯಾಯಮೂರ್ತಿ ಚಂದ್ರಚೂಡ್ ಒಪ್ಪಲಿಲ್ಲ. ನನಗೆ ಆ ಭಿನ್ನ ತೀರ್ಪೇ ಸರಿ ಎನಿಸುತ್ತದೆ. ಮೇಲ್ಮನೆಯನ್ನು ತಪ್ಪಿಸಿ ಹೋಗುವ ರಸ್ತೆ ಇಷ್ಟು ಸುಲಭವಾಗಿದ್ದರೆ ಮೇಲ್ಮನೆ ಯಾಕೆ ಬೇಕು?

ಸಾಮಾನ್ಯ ಮಸೂದೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಕು. ರಾಜ್ಯಸಭೆ ತಿರಸ್ಕರಿಸಿದರೆ, ಅಥವಾ ಆರು ತಿಂಗಳಿಗೂ ಮೀರಿ ಕೂರಿಸಿಕೊಂಡರೆ, ಜಂಟಿ ಅಧಿವೇಶನ ಕರೆಯಬಹುದು. ಅಲ್ಲಿ ಲೋಕಸಭೆಯ 543ರ ಮುಂದೆ 245 ಕರಗಿಹೋಗುತ್ತದೆ. ಆದರೂ ಇದನ್ನು ಬಳಸಿದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿಗೆ, 2002ರಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಪೋಟಾಕ್ಕೆ.

ಸಂವಿಧಾನ ತಿದ್ದುಪಡಿಯಾದರೆ ಮೇಲ್ಮನೆಯ ಪೂರ್ತಿ ಬಲ ಕಾಣುತ್ತದೆ. ಇಲ್ಲಿ ಜಂಟಿ ಅಧಿವೇಶನವೇ ಇಲ್ಲ. ಎರಡು ಪರೀಕ್ಷೆ ಒಟ್ಟಿಗೆ ಪಾಸಾಗಬೇಕು: ಸದನದ ಒಟ್ಟು ಬಲದ ಬಹುಮತ, ಅಂದರೆ 123; ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 21ರಂದು ಇಲ್ಲಿ ಬಿದ್ದದ್ದು ಪರ 214, ವಿರುದ್ಧ ಸೊನ್ನೆ. ಇದೇ ಸದನ 2010ರ ಮಾರ್ಚ್ 9ರಂದೇ ಹಿಂದಿನ ಮಸೂದೆಯನ್ನು ಪಾಸು ಮಾಡಿತ್ತು. ಲೋಕಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ, ಲೋಕಸಭೆ ವಿಸರ್ಜನೆಯಾದಾಗ ಅದೂ ಹೋಯಿತು. ಇಲ್ಲಿ ಒಂದು ನಿಯಮ ನೆನಪಿಡಿ: ರಾಜ್ಯಸಭೆಯಲ್ಲೇ ಹುಟ್ಟಿ ಅಲ್ಲೇ ಉಳಿದಿರುವ ಮಸೂದೆ ಲೋಕಸಭೆ ವಿಸರ್ಜನೆಯಾದರೂ ಸಾಯುವುದಿಲ್ಲ, ಲೋಕಸಭೆಗೆ ಹೋಗಿ ಕೂತದ್ದು ಸಾಯುತ್ತದೆ.

ಈ ಮೂರನೇ ಎರಡರ ಬಿಗಿ ಎಷ್ಟು ಎಂಬುದಕ್ಕೆ 1970ರ ಸೆಪ್ಟೆಂಬರ್ 5 ಸಾಕ್ಷಿ. ಹಳೆಯ ರಾಜಮನೆತನಗಳಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ರಾಜಧನವನ್ನು ರದ್ದು ಮಾಡುವ ತಿದ್ದುಪಡಿ ಲೋಕಸಭೆ ದಾಟಿ ಬಂದಿತ್ತು. ರಾಜ್ಯಸಭೆಯಲ್ಲಿ ಪರ 149, ವಿರುದ್ಧ 75. ಒಟ್ಟು 224, ನಮ್ಮ ವಿಧಾನಸಭೆಯ ಸಂಖ್ಯೆಯೇ. ಮೂರನೇ ಎರಡು ಎಂದರೆ 149.33. ಒಂದು ಮತವೂ ಅಲ್ಲ, ಮತದ ಮೂರನೇ ಒಂದು ಚೂರು ಸಾಲದೆ ಇಂದಿರಾ ಗಾಂಧಿ ಸರ್ಕಾರದ ಮಸೂದೆ ಬಿತ್ತು. ಮೈಸೂರಿನಿಂದ ಗ್ವಾಲಿಯರ್‌ವರೆಗೆ ಅರಮನೆಗಳು ಆ ರಾತ್ರಿ ನಿಟ್ಟುಸಿರು ಬಿಟ್ಟಿರಬೇಕು. 1971ರಲ್ಲಿ 26ನೆಯ ತಿದ್ದುಪಡಿ ಬಂದು ರಾಜಧನ ಹೋಗಿಯೇ ಹೋಯಿತು. 1989ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರ ಪಂಚಾಯತ್ ಮಸೂದೆ ಬಿದ್ದದ್ದೂ ಇಲ್ಲೇ.

ಲೋಕಸಭೆಗೆ ಇಲ್ಲದ ಅಧಿಕಾರವೂ ಇದಕ್ಕಿದೆ. ರಾಜ್ಯಪಟ್ಟಿಯಲ್ಲಿರುವ, ಅಂದರೆ ರಾಜ್ಯಗಳಿಗೆ ಬಿಟ್ಟ ವಿಷಯದ ಮೇಲೆ ರಾಷ್ಟ್ರಹಿತದ ಕಾರಣಕ್ಕೆ ಸಂಸತ್ತು ಕಾನೂನು ಮಾಡಬೇಕೆಂದರೆ, ಐಎಎಸ್‌ನಂಥ ಹೊಸ ಅಖಿಲ ಭಾರತ ಸೇವೆ ಹುಟ್ಟಬೇಕೆಂದರೆ, ಮೂರನೇ ಎರಡರ ನಿರ್ಣಯ ಮೊದಲು ಇಲ್ಲಿಂದಲೇ ಬರಬೇಕು. ಸರ್ಕಾರ ಕೆಡವುವ ಅವಿಶ್ವಾಸ ನಿರ್ಣಯ ಮಾತ್ರ ಇಲ್ಲಿ ಇಲ್ಲ.

ಹೆಜ್ಜೆ 7: ಇನ್ನು ಕೆಲಸಕ್ಕೆ ಹಚ್ಚಿ

ಮೊದಲು ಲೆಕ್ಕ ತೆಗೆಯಿರಿ. ಸಂಸತ್ತಿನ ಜಾಲತಾಣ ಸನ್ಸದ್ ಡಾಟ್ ಇನ್‌ನಲ್ಲಿ ರಾಜ್ಯಸಭೆಯ ಭಾಗಕ್ಕೆ ಹೋಗಿ, ಪ್ರಶ್ನೆಗಳ ವಿಭಾಗದಲ್ಲಿ ಸದಸ್ಯರ ಹೆಸರು ಹಾಕಿ. ಯಾವ ಸಚಿವಾಲಯಕ್ಕೆ ಏನು ಕೇಳಿದರು, ಏನು ಉತ್ತರ ಬಂತು ಎಲ್ಲವೂ ಇರುತ್ತದೆ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುವವರು ಅವರೇ. ಸೊನ್ನೆ ಕಂಡು ಬೈಯಬೇಡಿ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಲೋಕಸಭಾ ಸದಸ್ಯರದ್ದು ಮುಖ್ಯವಾಗಿ ತಮ್ಮ ಕ್ಷೇತ್ರಕ್ಕೆ. ರಾಜ್ಯಸಭಾ ಸದಸ್ಯರು ತಮ್ಮನ್ನು ಆರಿಸಿದ ರಾಜ್ಯದ ಯಾವ ಜಿಲ್ಲೆಗಾದರೂ ಕೆಲಸ ಸೂಚಿಸಬಹುದು, ನಾಮನಿರ್ದೇಶಿತರು ದೇಶದಲ್ಲಿ ಎಲ್ಲಿಗಾದರೂ. ಬೀದರಿನ ಶಾಲೆಯ ಕೊಠಡಿಗೆ ಬೆಂಗಳೂರಿನಲ್ಲಿರುವ ಸದಸ್ಯರನ್ನು ಕೇಳುವುದು ತಪ್ಪಲ್ಲ, 12 ಮಂದಿಯನ್ನೂ ಕೇಳಬಹುದು. ಹಣ ಅವರ ಕೈಯಿಂದ ಬರುವುದಿಲ್ಲ. ಅವರು ಸೂಚಿಸುತ್ತಾರೆ, ಮಂಜೂರು ಮಾಡಿ ನಡೆಸುವುದು ಜಿಲ್ಲಾಡಳಿತ. ಹಾಗಾಗಿ ಅರ್ಜಿಯಲ್ಲಿ ಜಾಗ ಯಾರ ಹೆಸರಿನಲ್ಲಿದೆ, ಅಂದಾಜು ವೆಚ್ಚ ಎಷ್ಟು, ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಮೂರು ಸಂಗತಿ ಇರಲಿ. ಸಾರ್ವಜನಿಕರಿಗೆ ಬಾಳಿಕೆ ಬರುವ ಆಸ್ತಿಯಾಗಬೇಕು; ಜಾತ್ರೆ, ಉತ್ಸವಕ್ಕೆ ಕೇಳಿ ಪ್ರಯೋಜನವಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ದಾರಿ ಸ್ಥಾಯಿ ಸಮಿತಿಗಳದ್ದು. ಇಲಾಖಾವಾರು 24 ಸಮಿತಿಗಳಿವೆ, ಅವುಗಳಲ್ಲಿ 8 ರಾಜ್ಯಸಭೆಯ ಆಡಳಿತದಲ್ಲಿ. ಗೃಹ, ಶಿಕ್ಷಣ, ಆರೋಗ್ಯ ಇಲ್ಲೇ ಬರುತ್ತವೆ. ಒಂದೊಂದರಲ್ಲಿ 31 ಮಂದಿ, ಅದರಲ್ಲಿ ರಾಜ್ಯಸಭೆಯವರು 10. ಮಸೂದೆ ಸಮಿತಿಗೆ ಹೋದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಅಭಿಪ್ರಾಯ ಕೇಳುತ್ತಾರೆ. ವಕೀಲರೇ ಬರೆಯಬೇಕೆಂದಿಲ್ಲ. ಯಾವ ಕಲಮು, ಅದರಿಂದ ನಿಮಗೇನು ತೊಂದರೆ, ಹೇಗೆ ತಿದ್ದಬೇಕು ಎಂದು ಎರಡು ಪುಟ ಬರೆದರೆ ಅದು ಸಮಿತಿಯ ಕಡತ ಸೇರುತ್ತದೆ. ಗದ್ದಲದ ಸದನಕ್ಕಿಂತ ಮುಚ್ಚಿದ ಬಾಗಿಲಿನ ಈ ಕೋಣೆಗಳಲ್ಲೇ ಓದುವ ಕೆಲಸ ಹೆಚ್ಚು ನಡೆಯುತ್ತದೆ.

ಪ್ರಶ್ನೆ ಕೇಳಿಸಬೇಕೆಂದರೆ ಹೊತ್ತು ನೋಡಿ ಹೋಗಿ. ಉತ್ತರ ಬೇಕಾದ ದಿನಕ್ಕೆ ಕನಿಷ್ಠ 15 ದಿನ ಮೊದಲು ಸದಸ್ಯರು ನೋಟಿಸ್ ಕೊಡಬೇಕು; ಅಧಿವೇಶನ ಶುರುವಾದ ಮೇಲೆ ಅರ್ಜಿ ಹಿಡಿದು ಓಡಿದರೆ ತಡವಾಯಿತು. ಬಜೆಟ್, ಮುಂಗಾರು, ಚಳಿಗಾಲದ ಅಧಿವೇಶನ ಕರೆದ ಸುದ್ದಿ ಬಂದ ದಿನವೇ ಬರೆಯಿರಿ. ಗ್ರಾಮ ಪಂಚಾಯಿತಿಯ ಚರಂಡಿ ಅಲ್ಲಿ ಬರುವುದಿಲ್ಲ. ರೈಲ್ವೆ ಗೇಟು, ರಾಷ್ಟ್ರೀಯ ಹೆದ್ದಾರಿ, ಅಂಚೆ ಕಚೇರಿ, ಅಡಿಕೆ ಆಮದು, ಕೇಂದ್ರೀಯ ವಿದ್ಯಾಲಯ ಬರುತ್ತವೆ. "ಜನರಿಗೆ ತೊಂದರೆಯಾಗುತ್ತಿದೆ" ಎಂದು ಬರೆಯುವ ಬದಲು "ಈ ಮೇಲ್ಸೇತುವೆ ಮಂಜೂರಾದದ್ದು ಯಾವಾಗ, ಇದುವರೆಗೆ ಖರ್ಚಾದದ್ದು ಎಷ್ಟು, ಮುಗಿಯುವುದು ಯಾವಾಗ" ಎಂದು ಬರೆದುಕೊಡಿ. ಸದಸ್ಯರ ಸಹಾಯಕರು ಅದನ್ನು ಇಂಗ್ಲಿಷಿಗೋ ಹಿಂದಿಗೋ ಇಳಿಸಿ ಕಳಿಸುವುದೊಂದೇ ಬಾಕಿ ಇರುವಂತೆ ಮಾಡಿ. ಬಂದ ಪ್ರಶ್ನೆಗಳಲ್ಲಿ ಯಾವುವನ್ನು ತೆಗೆದುಕೊಳ್ಳಬೇಕೆಂದು ಚೀಟಿ ಎತ್ತುತ್ತಾರೆ; ಆಗ ನಿಮ್ಮ ಪ್ರಶ್ನೆ ಬೀಳದಿದ್ದರೆ ಮುಂದಿನ ವಾರಕ್ಕೆ ಮತ್ತೆ ಕೊಡಿಸಿ.

ಉತ್ತರ ಬಂದ ಮೇಲೆ ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕವನ್ನು ಆ ಮೂರು ಕಂಬದ ಕಾಗದದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ರೈಲ್ವೆ ಕಚೇರಿಗೆ ಹೋದಾಗ ಅರ್ಜಿಯ ಮೊದಲ ಸಾಲಿಗೆ ಅದೇ ಬೇಕಾಗುತ್ತದೆ.